ಹಗ್ಗದ ಆ ತುದಿ

ಪೆರ್ನೆಗ್ಗರ್ ಮನೆತನದವರು ಒಂದು ಮಾತು ಹೇಳಿದರೆ ಟಾನ್ ಸರೋವರದ ದಡದಲ್ಲಿ ಅದನ್ನು ಯಾರೂ ಇನ್ನೊಬ್ಬರ ಹತ್ತಿರ ವಿಚಾರಿಸಲು ಹೋಗುತ್ತಿರಲಿಲ್ಲ. ಚಕ್ರವರ್ತಿಗಳ ಕಾಲದಿಂದ ಈ ಕೆರೆಯ ಮೇಲೆ ದೋಣಿ ನಡೆಸಿದವರು ನಾವು. ನಮ್ಮೂರಿನ ಇಗರ್ಜಿಯಲ್ಲಿ ಎಡಗಡೆಯ ಮೊದಲ ಬೆಂಚು ನಮ್ಮದು. ಅದರ ಮೇಲೆ ಹೆಸರು ಕೆತ್ತಿಸಿಲ್ಲ. ಕೆತ್ತಿಸುವ ಅಗತ್ಯ ಬಿದ್ದಿಲ್ಲ. ಮನೆಯ ಹೆಣ್ಣುಮಕ್ಕಳೆಲ್ಲ ಉರ್ಸುಲಾ ಸಭೆಯ ಸನ್ಯಾಸಿನಿಯರ ಶಾಲೆಯಲ್ಲಿ ಕಲಿತವರು. ಅಲ್ಲಿ ಸುಳ್ಳು ಹೇಳಿದರೆ ಮೊಣಕಾಲೂರಿಸುತ್ತಿದ್ದರು. ಇದ್ದದ್ದಕ್ಕಿಂತ ಹೆಚ್ಚು ಹೇಳಿದರೂ ಮೊಣಕಾಲೂರಿಸುತ್ತಿದ್ದರು. ನಾನು ಈಗ ಹೇಳುವುದರಲ್ಲಿ ಎರಡೂ ಇಲ್ಲ.

ದೀಪ ಸ್ವಲ್ಪ ಇಳಿಸಿ. ಆ ಕಿಟಕಿ ಮುಚ್ಚಿ... ಅದಲ್ಲ, ಕೆರೆಯ ಕಡೆಯದು.

ಇದು ನನ್ನ ದೊಡ್ಡಪ್ಪನ ಮಗ ಸೆವೆರಿನ್‌ಗೆ ಆದದ್ದು.

ಕ್ರಿಸ್‌ಮಸ್‌ಗೆ ಮುಂಚೆ ಒಂದು ಶನಿವಾರ, ಬೆಳಕು ಹೋದ ಮೇಲೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಸಂಘದವರು ನಮ್ಮ ಕೆರೆಗೆ ಬರುತ್ತಾರೆ. ಒಂದು ಫರ್ ಮರಕ್ಕೆ ಕಲ್ಲು ಕಟ್ಟಿ, ಅದನ್ನು ತಳಕ್ಕೆ ಇಳಿಸಿ ನಿಲ್ಲಿಸಿ, ಬ್ಯಾಟರಿ ದೀಪ ಹೊತ್ತಿಸಿ ಬರುತ್ತಾರೆ. ಈ ನೀರಿನಲ್ಲಿ ಮುಳುಗಿ ತೀರಿಹೋದವರಿಗಾಗಿ. ಮರ ನಮ್ಮ ಮನೆಯದು. ಹಗ್ಗ ಹಿಡಿಯುವವನೂ ನಮ್ಮ ಮನೆಯವನೇ. ಹಗ್ಗದ ಒಂದು ತುದಿ ಮರದ ಬುಡಕ್ಕೆ, ಇನ್ನೊಂದು ತುದಿ ದೋಣಿಕಟ್ಟೆಯ ಮೇಲೆ ಪೆರ್ನೆಗ್ಗರನ ಕೈಗೆ. ಮುಳುಗುವವರು ಅದನ್ನೇ ಹಿಡಿದು ಇಳಿಯಬೇಕು, ಅದನ್ನೇ ಹಿಡಿದು ಏರಬೇಕು. ಮೇಲಿನವನು ಒಂದು ಸಲ ಎಳೆದರೆ, 'ಕ್ಷೇಮವೇ?' ಎಂದು. ಕೆಳಗಿನಿಂದ ಒಂದು ಸಲ ಎಳೆದರೆ, 'ಕ್ಷೇಮ' ಎಂದು. ಮೂರು ಸಲ ಎಳೆದರೆ... 'ನನ್ನನ್ನು ಮೇಲೆಳೆ.'

ಆ ತುದಿಯಲ್ಲಿ ಒಂದು ಜೀವ ಇರುವವರೆಗೂ ಈ ತುದಿ ಬಿಡಬಾರದು. ನಮ್ಮ ಮನೆಯಲ್ಲಿ ಮಕ್ಕಳಿಗೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸುವ ಮೊದಲೇ ಇದನ್ನು ಕಲಿಸುತ್ತೇವೆ. ಯಾರೂ ಬಿಟ್ಟದ್ದಿಲ್ಲ.

ಆ ಸಂಜೆ ಸೆವೆರಿನ್ ಮರದ ಬುಡವನ್ನು ಹೆಗಲ ಮೇಲಿಟ್ಟುಕೊಂಡು ಮುಂದೆ ನಡೆಯುತ್ತಿದ್ದ. ತುದಿ ಹಿಡಿದು ಹಿಂದೆ ಅವನ ಮಗಳು ಆಫ್ರಾ. ತಾಯಿಯಿಲ್ಲದ ಒಬ್ಬಳೇ ಮಗಳು. ಆ ವರ್ಷ ಮೊದಲ ಸಲ ಅವಳೂ ಮರದ ಜೊತೆ ಇಳಿಯುವವಳಿದ್ದಳು. ಬೂಟಿನಡಿ ಹಿಮ ಕಿರ್ರ್... ಕಿರ್ರ್... ಎನ್ನುತ್ತಿತ್ತು. ಲಿಂಡನ್ ಮರದ ಕೆಳಗೆ ಹಳೆಯ ಬಾವಿ. ಅದರ ಮುಚ್ಚಳದ ಮೇಲೆ ಗಾಜಿನಂತೆ ಮಂಜುಗಡ್ಡೆ.

"ಅಪ್ಪಾ, ನೀನು ಬೇಕಂತ್ಲೇ ನಿಧಾನ ನಡೀತಿದೀಯ."

"ಚಳಿ."

"ಸುಳ್ಳು. ನಾನು ಇಳೀತೀನಂತ ನಿಧಾನ ನಡೀತಿದೀಯ."

"ಶ್ಶ್... ಬಾವಿ ದಾಟೋವರೆಗೆ ಮಾತಾಡ್ಬೇಡ."

"ಯಾಕೆ?"

"ನಿಮ್ಮಜ್ಜಿ ಹೇಳ್ತಿದ್ರು. ಯಾಕೆ ಅಂತ ಹೇಳ್ಲಿಲ್ಲ."

ಆಫ್ರಾ ಮೂಗಿನಲ್ಲೇ ನಕ್ಕಳು. ಆದರೆ ಬಾವಿ ದಾಟುವವರೆಗೆ ಮಾತಾಡಲಿಲ್ಲ.

ದೋಣಿಕಟ್ಟೆಯಲ್ಲಿ, ಮುಳುಗಲಿದ್ದ ಉಳಿದವರು ರಬ್ಬರಿನ ಉಡುಪು ತೊಟ್ಟು, ಬಿಸಿನೀರಿನ ಬಕೆಟ್ಟಿನಲ್ಲಿ ಕೈ ಅದ್ದಿಕೊಂಡು ನಿಂತಿದ್ದರು. ಸಂಘದ ಅಧ್ಯಕ್ಷ ಹೋಫಿಂಗರ್, ಪಟ್ಟಣದ ಎಂಜಿನಿಯರು, ಸುಮ್ಮನಿರಲು ಬಾರದ ಮನುಷ್ಯ, ಹಗ್ಗ ಕಂಡೊಡನೆ ಶುರುಮಾಡಿದ.

"ಏನ್ ಯಜಮಾನ್ರೇ, ಈ ವರ್ಷಾನೂ ಹಗ್ಗಾನೇ? ನಮ್ ಹತ್ರ ದೀಪ ಇದೆ, ದಿಕ್ಸೂಚಿ ಇದೆ, ಮಣಿಕಟ್ಟಲ್ಲಿ ಕಂಪ್ಯೂಟರ್ ಇದೆ. ನೀವಿನ್ನೂ ನಮ್ಮನ್ನ ಹಸು ಕಟ್ಟೋ ಹಾಗೆ ಕಟ್ತೀರಲ್ಲ!"

"ನನ್ನ ಹಸು ಒಂದೂ ಕಳೆದುಹೋಗಿಲ್ಲ, ಸ್ವಾಮಿ," ಎಂದ ಸೆವೆರಿನ್.

ಎಲ್ಲರೂ ನಕ್ಕರು. ಆಫ್ರಾಳ ಜೊತೆಗಾರ ಲುಟ್ಸ್ ಒಣಗಿಸಿದ ಪಿಯರ್ ಹಣ್ಣು ಹಾಕಿದ ರೊಟ್ಟಿ ಅಗಿಯುತ್ತ ನಿಂತಿದ್ದ. ಬೇಕರಿಯವರ ಹುಡುಗ, ಗುಂಡಗಿದ್ದ. ನೀರಿನಲ್ಲಿ ಇಬ್ಬಿಬ್ಬರು ಜೋಡಿ. ಒಬ್ಬರನ್ನೊಬ್ಬರು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕು.

"ಲುಟ್ಸ್, ಇನ್ನೊಂದು ತುಂಡು ತಿಂದ್ರೆ ಆ ಜಿಪ್ಪು ಎಳೆಯೋಕೆ ಪಾದ್ರಿಗಳನ್ನೇ ಕರೀಬೇಕಾಗುತ್ತೆ," ಎಂದಳು ಆಫ್ರಾ.

"ನೀನೇ ಎಳಿ. ಜೋಡಿ ಅಂದ್ಮೇಲೆ ಅದೂ ನಿನ್ ಕೆಲ್ಸ."

ಅವರು ಇಳಿದರು. ದಡದ ತೆಳು ಮಂಜುಗಡ್ಡೆ ಚಟ್... ಚಟಚಟ... ಎಂದು ಒಡೆಯಿತು. ಆಮೇಲೆ ಗುಳುಗುಳು ಎಂದು ಗುಳ್ಳೆಗಳು. ಅವೂ ದೂರ ಹೋದವು. ಸೆವೆರಿನ್ ಕೈಗವಸು ತೆಗೆದ. ಹಗ್ಗವನ್ನು ಬರಿಗೈಯಲ್ಲಿ ಹಿಡಿಯುವುದು ನಮ್ಮ ಪದ್ಧತಿ, ಎಂಥ ಚಳಿಯೇ ಇರಲಿ. ಹಗ್ಗ ಅಂಗೈಯಲ್ಲಿ ಸರಿಯುತ್ತ ಹೋಗಿ... ನಿಂತಿತು. ಒಂದು ಸಲ ಎಳೆದ. ಒಂದು ಸಲ ಉತ್ತರ ಬಂತು.

ಸ್ವಲ್ಪ ಹೊತ್ತಿಗೆ ನೀರಿನಾಳದಲ್ಲಿ ಮಸುಕಾದ ಹಸಿರು ಬೆಳಕು ಹುಟ್ಟಿತು. ಮರ ನಿಂತಿತು. ದೀಪ ಹೊತ್ತಿತು. ದಡದಲ್ಲಿದ್ದ ಊರಿನವರು ಕೈಗವಸಿನ ಕೈಯಲ್ಲೇ ಧಪಧಪ ಚಪ್ಪಾಳೆ ತಟ್ಟಿ, ಚಳಿ ತಾಳದೆ ಇಗರ್ಜಿಯ ಹಜಾರಕ್ಕೆ ನಡೆದರು. ಅಲ್ಲಿ ನಾನು ಬಿಸಿ ವೈನ್ ಬಡಿಸುತ್ತಿದ್ದೆ. ಕಟ್ಟೆಯ ಮೇಲೆ ಉಳಿದವನು ಸೆವೆರಿನ್ ಒಬ್ಬನೇ.

ಆಗ ನೀರು ಬುಸ್ಸ್ ಎಂದು ಕುದಿಯಿತು.

ಲುಟ್ಸ್ ಬಿರಡೆಯಂತೆ ಚಿಮ್ಮಿ ಬಂದ. ಸಿಲಿಂಡರಿನಿಂದ ಅವನ ಬಾಯಿಗೆ ಬರುವ ಗಾಳಿಕೊಳವೆಯ ಕವಾಟ ಚಳಿಗೆ ಹೆಪ್ಪುಗಟ್ಟಿ, ಗಾಳಿಯೆಲ್ಲ ತಡೆಯಿಲ್ಲದೆ ಸೋರುತ್ತಿತ್ತು. ತಣ್ಣೀರಿನಲ್ಲಿ ಹೀಗಾಗುವುದುಂಟು. ಅವನ ಹಿಂದೆಯೇ ಹೋಫಿಂಗರ್. ಅವನ ಹಿಂದೆ ಉಳಿದ ಮೂವರು.

ಸೆವೆರಿನ್ ನೀರನ್ನೇ ನೋಡುತ್ತಿದ್ದ. ನೀರು ಸಮನಾಯಿತು.

"ನನ್ ಮಗಳೆಲ್ಲಿ?"

ಲುಟ್ಸ್ ಕಟ್ಟೆಯ ಹಲಗೆ ತಬ್ಬಿಕೊಂಡ. "ನಾನ್ ಒದ್ದಾಡ್ದೆ... ಕೆಸರೆದ್ದಿತು... ಕೈ ಚಾಚಿದ್ದಳು... ಆಮೇಲೆ ಕಾಣಲಿಲ್ಲ..."

"ಹಗ್ಗ ಹಿಡಿದಿದ್ದಳಾ?"

"ಗೊತ್ತಿಲ್ಲ ಸೆವೆರಿನಣ್ಣ... ದೇವ್ರಾಣೆ ಗೊತ್ತಿಲ್ಲ..."

ಸೆವೆರಿನ್ ಹಗ್ಗವನ್ನು ಒಂದು ಸಲ ಎಳೆದ.

ಏನೂ ಇಲ್ಲ...

ಆಮೇಲೆ, ನಿಧಾನವಾಗಿ, ಒಂದು ಎಳೆತ. ಕ್ಷೇಮ.

"ಇದಾಳೆ!" ಎಂದ. ಹಗ್ಗ ಹಿಡಿದ ಕೈ ಎತ್ತಿ ತೋರಿಸಿದ. "ಹಗ್ಗ ಹಿಡಿದಿದಾಳೆ. ಕ್ಷೇಮ ಅಂತಿದಾಳೆ."

"ಹಾಗಾದ್ರೆ ಗಾಬರಿ ಬೇಡ," ಎಂದ ಹೋಫಿಂಗರ್. "ನಮ್ಮ ಸಿಲಿಂಡರುಗಳಲ್ಲಿ ಗಾಳಿ ಮುಗೀತಾ ಬಂತು. ಹೊಸದು ಹಾಕ್ಕೊಂಡು ನಾನೇ ಇಳೀತೀನಿ. ನೀವು ಎಳೆದು ತೊಂದ್ರೆ ಮಾಡ್ಬೇಡಿ."

ಹೊಸ ಸಿಲಿಂಡರಿನ ಬಾಯಿ ಹೆಪ್ಪುಗಟ್ಟಿತ್ತು. ತಿರುಗಲಿಲ್ಲ. ಅದರ ಮೇಲೆ ಬಕೆಟ್ಟಿನ ನೀರು ಸುರಿದರು. ಅದು ಆಗಲೇ ಆರಿತ್ತು. ಒಬ್ಬ ಬಿಸಿನೀರಿಗೆಂದು ಹಜಾರದ ಕಡೆ ಓಡಿದ. ಲೋಹದ ಮೇಲೆ ಕಲ್ಲಿನಿಂದ ಕುಟ್ಟುವ ಸದ್ದು... ಠಣ್, ಠಣ್... ಕೆರೆಯ ಆಚೆ ದಡಕ್ಕೆ ಹೋಗಿ ವಾಪಸಾಗುತ್ತಿತ್ತು. ಎಷ್ಟು ಹೊತ್ತಾಯಿತೆಂದು ಯಾರೂ ಗಡಿಯಾರ ನೋಡಲಿಲ್ಲ. ಆದ್ದರಿಂದ ನಾನೂ ಹೇಳುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಒಬ್ಬಳ ಬೆನ್ನಿನ ಮೇಲಿನ ಗಾಳಿ ಸಾಲದು ಎಂಬುದು ಎಲ್ಲರಿಗೂ ಗೊತ್ತಿತ್ತು.

ಸೆವೆರಿನ್ ಕೇಳುತ್ತಲೇ ಇದ್ದ. ಒಂದು ಎಳೆತ. ಒಂದು ಉತ್ತರ. ಮೂರು ಸಲ ಎಳೆದ: ಮೇಲೆ ಬಾ. ಉತ್ತರ ಒಂದೇ. ಕ್ಷೇಮ. ಬಾಯಿಯಲ್ಲಿ 'ನಮೋ ಮರಿಯಾ' ಪ್ರಾರ್ಥನೆ, ಅರ್ಧಕ್ಕೇ ನಿಂತು ಮತ್ತೆ ಮೊದಲಿನಿಂದ. ಮತ್ತೆ ಮೂರು ಸಲ ಎಳೆದ. ಕ್ಷೇಮ. ಮೀನಿನ ಬೆಳ್ಳಿಬೆನ್ನಿನಂತೆ ತಣ್ಣಗೆ, ಸಾವಧಾನವಾಗಿ... ಕ್ಷೇಮ.

"ಬಾ ಮಗಳೇ," ಎಂದು ಹಗ್ಗಕ್ಕೆ ಬಾಯಿಯಿಟ್ಟು ಪಿಸುಗುಟ್ಟಿದ. "ಬಾ, ನನ್ ಚಿನ್ನ. ಸಾಕು ಬಾ."

ಬೆನ್ನ ಹಿಂದೆ ಸದ್ದಾಯಿತು.

ಕಿರ್ರ್... ಕಿರ್ರ್...

ಜೊತೆಗೆ ಹಲ್ಲು ಕಟಕಟ.

"ಅಪ್ಪಾ... ಯಾರನ್ನ ಕರೀತಿದೀಯ?"

ಆಫ್ರಾ ನಿಂತಿದ್ದಳು. ತುಟಿ ನೀಲಿ. ಕೂದಲಲ್ಲಿ ಮಂಜುಗಡ್ಡೆಯ ಕಡ್ಡಿಗಳು. ಕೆಸರಿನಲ್ಲಿ ಹಗ್ಗ ಕೈತಪ್ಪಿದೊಡನೆ ಕಲಿಸಿದ ಹಾಗೆ ಅವಳು ಒಬ್ಬಳೇ ಮೇಲೆ ಬಂದಿದ್ದಳು. ಬಂದದ್ದು ದೋಣಿಮನೆಯ ಆಚೆಗೆ, ಜೊಂಡಿನ ನಡುವೆ. ಕೂಗಿದ್ದಳು; ಠಣ್ ಠಣ್ ಸದ್ದಿನಲ್ಲಿ ಯಾರಿಗೂ ಕೇಳಿರಲಿಲ್ಲ. ಬೆನ್ನ ಮೇಲಿನ ಭಾರ ಹೊತ್ತು ದಡ ಸುತ್ತಿ ನಡೆದು ಬಂದಿದ್ದಳು.

ಲುಟ್ಸ್ ಗೊಳೋ ಎಂದು ಅತ್ತುಬಿಟ್ಟ. ಹೋಫಿಂಗರ್ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. ಸೆವೆರಿನ್ ಒಂದು ಕೈಯಲ್ಲಿ ಮಗಳ ಕೆನ್ನೆ ಮುಟ್ಟಿದ. ಇನ್ನೊಂದು ಕೈಯಲ್ಲಿ ಹಗ್ಗವಿತ್ತು.

ಹಗ್ಗ ಒಂದು ಸಲ ಎಳೆಯಿತು.

ಆಫ್ರಾ ಹಗ್ಗದ ಕಡೆ ನೋಡಿದಳು.

"ಎಲ್ರೂ ಮೇಲಿದೀವಿ," ಎಂದ ಲುಟ್ಸ್, ಪಿಸುಮಾತಿನಲ್ಲಿ. "ಎಲ್ರೂ ಮೇಲೇ ಇದೀವಿ..."

ಆಗ ಎಳೆಯಿತು. ಮತ್ತೆ ಎಳೆಯಿತು. ಇನ್ನೊಮ್ಮೆ ಎಳೆಯಿತು.

ಮೂರು.

"ಅಪ್ಪಾ, ಬಿಡು."

"ಬಿಡೋ ಹಾಗಿಲ್ಲ."

"ಯಾರದು?"

"ಗೊತ್ತಿಲ್ಲ. ಮೇಲೆಳಿ ಅಂತಿದಾರೆ."

ಸೆವೆರಿನ್ ಎಳೆಯತೊಡಗಿದ. ನಮ್ಮ ಮನೆಯವನು ಇನ್ನೇನು ಮಾಡಬೇಕಿತ್ತು? ಮರ ಮತ್ತು ಕಲ್ಲಿನ ತೂಕ ಇರಬೇಕಿತ್ತು, ಇರಲಿಲ್ಲ. ಮರದ ಹಸಿರು ಬೆಳಕು ಕೆಳಗೆ ಇದ್ದಲ್ಲೇ ಇತ್ತು. ಹಗ್ಗ ಮಾತ್ರ ಬರುತ್ತಿತ್ತು. ಅದರ ತುದಿಯಲ್ಲಿ ಒಬ್ಬ ಮನುಷ್ಯನಷ್ಟೇ ಭಾರ. ಮುಳುಗುವವರು ಮೇಲೆ ಬರುವಾಗ ಗುಳ್ಳೆಗಳು ಮೊದಲು ಬರುತ್ತವೆ. ಗುಳ್ಳೆಗಳಿರಲಿಲ್ಲ. ಒದ್ದೆ ಹಗ್ಗ ಹಲಗೆಯ ಅಂಚಿಗೆ ಉಜ್ಜಿ ಕೊರ್ರ್... ಕೊರ್ರ್... ಎನ್ನುತ್ತಿತ್ತು. ಅವನ ಅಂಗೈ ಚರ್ಮ ಕಿತ್ತು ಹಗ್ಗಕ್ಕೆ ಅಂಟುತ್ತಿತ್ತು. ಆಫ್ರಾ ಅವನ ಸೊಂಟ ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದಳು. ಕಟ್ಟೆಯ ಕೆಳಗೆ, ಕಪ್ಪು ನೀರಿನಲ್ಲಿ, ಇನ್ನೇನು ಒಂದಾಳಿನಷ್ಟು ಆಳದಲ್ಲಿ... ಏನೋ ಬೆಳ್ಳಗೆ.

ಹೋಫಿಂಗರ್ ತೊಡೆಗೆ ಕಟ್ಟಿದ್ದ ಚಾಕು ಎಳೆದು ಹಗ್ಗ ಕೊಯ್ದ.

ಟಪ್.

"ಅಯ್ಯೋ, ಏನ್ ಮಾಡ್ದಿ!" ಎಂದು ಸೆವೆರಿನ್ ಹಲಗೆಯ ಮೇಲೆ ಬೋರಲು ಬಿದ್ದು ಕೈ ಚಾಚಿದ. ಹಗ್ಗದ ತುದಿ ಬೆರಳಿಗೆ ತಾಗಿ ತಪ್ಪಿತು. ಅದು ಭಾರಕ್ಕೆ ಸರ್ರನೆ ಜಾರಿ ಹೋಗಲಿಲ್ಲ. ಒಂದು ಮೊಳ ಒಳಗೆ ಹೋಯಿತು... ನಿಂತಿತು. ಇನ್ನೊಂದು ಮೊಳ... ನಿಂತಿತು. ಕೆಳಗೆ ಯಾರೋ ಸಾವಕಾಶವಾಗಿ ಕೈಯಿಂದ ಕೈಗೆ ಸುತ್ತಿಕೊಳ್ಳುತ್ತಿರುವ ಹಾಗೆ.

ಆಮೇಲೆ ಏನೂ ಇಲ್ಲ. ನೀರು ಮಾತ್ರ ಹಲಗೆಯಡಿ ಚಪ್... ಚಪ್...

ಮರುದಿನ ಬೆಳಕು ಹರಿಯುವ ಮೊದಲು, ಮೋಂಬತ್ತಿ ಹಿಡಿದು ಪ್ರಾರ್ಥನೆಗೆ ಹೋಗಿ ವಾಪಸು ಬರುವಾಗ, ಸೆವೆರಿನ್ ಜೊತೆ ನಾನಿದ್ದೆ. ಅವನ ಕೈಗೆ ಬಟ್ಟೆ ಸುತ್ತಿತ್ತು. ರಾತ್ರಿಯಿಡೀ ಒಂದೇ ಮಾತು ಹೇಳಿದ್ದನಂತೆ: "ನನ್ ಕಾಲದಲ್ಲಿ ಹಗ್ಗ ಬಿಟ್ಟುಹೋಯ್ತಲ್ಲ." ಕಟ್ಟೆಗೆ ಹೋಗೋಣ ಎಂದ. ಹೋದೆವು.

ಕಟ್ಟೆಯ ತುದಿಯಲ್ಲಿ ಹಗ್ಗವಿತ್ತು.

ಅಂದವಾಗಿ ಸುರುಳಿ ಸುತ್ತಿತ್ತು. ಚಾಕು ತಾಗಿದ ತುದಿ ಮೇಲೆ. ಮರದ ಬುಡಕ್ಕೆ ಕಟ್ಟಿದ್ದ ತುದಿ, ನಾನೇ ಕೆಂಪು ದಾರ ಸುತ್ತಿ ಹೊಲಿದದ್ದು, ಅದೂ ಸುರುಳಿಯಲ್ಲೇ ಇತ್ತು, ಗಂಟು ಬಿಚ್ಚಿತ್ತು. ಸುತ್ತಲಿನ ಹಿಮದ ಮೇಲೆ ಹೆಜ್ಜೆ ಗುರುತಿರಲಿಲ್ಲ. ಆ ಬೆಳಿಗ್ಗೆ ಬಕೆಟ್ಟಿನ ನೀರು ಕಲ್ಲಾಗಿತ್ತು. ಕಟ್ಟೆಯ ಹಲಗೆ, ಸರಪಳಿ, ಮರೆತು ಬಿಟ್ಟುಹೋಗಿದ್ದ ಲುಟ್ಸ್‌ನ ರೊಟ್ಟಿಯ ತುಂಡು, ಎಲ್ಲ ಕಲ್ಲು. ನಾನು ಕೈಗವಸು ತೆಗೆದು ಹಗ್ಗ ಮುಟ್ಟಿದೆ.

ಹಗ್ಗ ಒದ್ದೆಯಾಗಿತ್ತು. ಹೆಪ್ಪುಗಟ್ಟಿರಲಿಲ್ಲ.

ಹೋಫಿಂಗರ್ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ: ಹಗ್ಗ ಮರದ ಕೊಂಬೆಗೆ ಸಿಕ್ಕಿತ್ತಂತೆ, ನೀರಿನ ಒಳಸೆಳೆತ ಅಲ್ಲಾಡಿಸುತ್ತಿತ್ತಂತೆ, ಸೆವೆರಿನ್‌ಗೆ ಬಿಸಿ ವೈನ್ ಹೆಚ್ಚಾಗಿತ್ತಂತೆ. ನಮ್ಮ ಕೆರೆಯಲ್ಲಿ ಒಳಸೆಳೆತವಿಲ್ಲ. ಸೆವೆರಿನ್ ಕುಡಿದದ್ದು ಸೇಜ್ ಎಲೆಯ ಚಹಾ. ಅದನ್ನು ಅವನ ಫ್ಲಾಸ್ಕಿಗೆ ಹಾಕಿದವಳು ನಾನು. ಇದು ನಡೆದದ್ದು. ಹಗ್ಗ ನನ್ನ ಮನೆಯಲ್ಲಿದೆ, ಒಲೆಯ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಕ್ರಿಸ್‌ಮಸ್ ಕಳೆಯಿತು, ಈಸ್ಟರ್ ಕಳೆಯಿತು. ಇನ್ನೂ ಒಣಗಿಲ್ಲ.

ಹಗ್ಗ ಕೊಯ್ದದ್ದಕ್ಕೆ ಹೋಫಿಂಗರ್ ಕ್ಷಮೆ ಕೇಳಬೇಕು. ನಮ್ಮನ್ನಲ್ಲ. ಟೋಪಿ ತೆಗೆದು, ಕಟ್ಟೆಯ ತುದಿಯಲ್ಲಿ ನಿಂತು, ನೀರಿನ ಕಡೆ ಮುಖ ಮಾಡಿ ಕೇಳಬೇಕು.