ಗಾಡಿಗೆ ಯಾವ ವಾರ

…ಭತ್ತದ ಸಸಿ ಅಂದ್ರೆ ಕಾಯೋ ವಸ್ತು ಅಲ್ಲ ಕಣ್ರೋ. ಮಡೀಲಿ ಬೆಳೆದು ನಿಂತ ಮೇಲೆ ಅದನ್ನ ಕಿತ್ತು ಗದ್ದೆಗೆ ಹಚ್ಲೇಬೇಕು, ಇಲ್ದಿದ್ರೆ ಹಳದಿ ತಿರುಗಿ, ಗೆಣ್ಣು ಬಿಟ್ಟು, ಕೆಲಸಕ್ಕೆ ಬಾರ್ದಂಗೆ ಆಗ್ತದೆ. ಅಂಥಾ ಹೊತ್ನಲ್ಲೇ ನೋಡು ನಮ್ಮೂರ ಕೆರೆ ಏರಿ ಒಡೆದಿದ್ದು. ನೀವು ಶಿಕಾರಿಪುರದ ಮಕ್ಕಳು, ನಲ್ಲಿ ತಿರುಗಿಸಿದ್ರೆ ನೀರು ಬರ್ತದೆ ನಿಮಗೆ. ನಮಗೆ ಹಂಗಲ್ಲ, ಕೆರೆ ತುಂಬಿದ್ರೆ ಅನ್ನ, ಇಲ್ದಿದ್ರೆ ಇಲ್ಲ. ನಾನು ಆಗಿನ್ನೂ ಮದುವೆಯಾಗಿ ಬಂದ ಹೊಸತು, ಹೊಸತು ಅಂದ್ರೆ ನಿಮ್ ದೊಡ್ಡಪ್ಪ ಹುಟ್ಟಿದ್ದ, ತೊಟ್ಟಿಲಲ್ಲಿದ್ದ. ಹಿಂದಿನ ವರ್ಷನೂ ಬೆಳೆ ಕೈಗೆ ಹತ್ತಿರ್ಲಿಲ್ಲ. ಹಲಸಿನ ಬೀಜ ಬೇಯಿಸ್ಕೊಂಡು, ಗಂಜಿ ಕುಡ್ಕೊಂಡು ಹೆಂಗೋ ದಿನ ದೂಡ್ತಿದ್ವಿ. ನಿಮ್ಮಜ್ಜ ಹೇಳ್ಬಿಟ್ಟಿದ್ರು, ಈ ಸಲನೂ ನಾಟಿ ತಪ್ಪಿದ್ರೆ ನಾನು ಘಟ್ಟಕ್ಕೆ ಹೋಗ್ತೀನಿ, ಕಾಫಿ ತೋಟದ ಕೆಲಸಕ್ಕೆ ಅಂತ. ತೋಟಕ್ಕೆ ಆಳು ಕರ್ಕೊಂಡು ಹೋಗೋ ಮೇಸ್ತ್ರಿಗೆ ಮಾತೂ ಕೊಟ್ಟಿದ್ರು. ನನಗೆ ಎದೆ ಒಡೆದೋಯ್ತು. ನನ್ ತಮ್ಮ ಹಂಗೇ ಘಟ್ಟಕ್ಕೆ ಹೋದೋನು ಚಳಿಜ್ವರ ಬಂದು ಅಲ್ಲೇ ಹೋಗ್ಬಿಟ್ಟಿದ್ದ, ಮುಖ ಸೈತ ನೋಡಕ್ಕೆ ಸಿಗ್ಲಿಲ್ಲ. ಹಂಗಾಗಿ ನನಗೆ ಏರಿ ಕಟ್ಟೋದು ಅಂದ್ರೆ ಗಂಡನ್ನ ಉಳಿಸ್ಕೊಳ್ಳೋದೇ ಆಗಿತ್ತು, ಬೇರೆ ಏನೂ ಅಲ್ಲ.

ಸರಿ, ಏರಿ ಒಡೀತಲ್ಲ, ಊರು ಸೇರ್ತು. ಊರು ಅಂದ್ರೆ ಮೂರು ಕೇರಿ. ನಮ್ದು ಬಸವಣ್ಣನ ಗುಡಿ ಕೇರಿ. ನಾವು ಸೋಮವಾರ ಎತ್ತು ಹೂಡಲ್ಲ, ಬಸವಣ್ಣನ ವಾರ ಅದು, ಈಗ್ಲೂ ಹೂಡಲ್ಲ, ಈಗ ಎತ್ತೇ ಇಲ್ಲ ಬಿಡು. ಮಾರಿಗುಡಿ ಕೇರಿಯೋರಿಗೆ ಮಂಗಳವಾರ, ಅಮ್ಮನ ವಾರ, ಅವತ್ತು ಮಣ್ಣಿಗೆ ಗುದ್ಲಿ ಹಾಕಲ್ಲ ಅವ್ರು. ಮಸೀದಿ ಕೇರಿಯೋರಿಗೆ ಶುಕ್ರವಾರ. ನಮ್ ಪಟೇಲ್ರು, ಒಳ್ಳೇರೇ ಪಾಪ, ನ್ಯಾಯ ಅಂದ್ರೆ ನ್ಯಾಯ ಅನ್ನೋರು, ಅವ್ರೊಂದು ಕಟ್ಟು ಮಾಡಿದ್ರು. ಏನಪ್ಪಾ ಅಂದ್ರೆ, ಮೂರು ಕೇರಿಗೂ ವಾರ ಇಲ್ದಿರೋ ದಿನ ಎಲ್ರೂ ಬರ್ಬೇಕು, ಒಂದು ಕೇರಿಗೆ ವಾರ ಇದ್ರೂ ಅವತ್ತು ಯಾರೂ ಬರ್ಬಾರ್ದು, ಇಲ್ದಿದ್ರೆ ನಾವು ಜಾಸ್ತಿ ದುಡಿದ್ವಿ ನೀವು ಕಮ್ಮಿ ಅಂತ ನಾಳೆ ತಕರಾರು ಬರ್ತದೆ ಅಂತ. ಎಲ್ರೂ ತಲೆ ಆಡಿಸಿದ್ರು. ಕೇಳಕ್ಕೆ ಚೆನ್ನಾಗಿತ್ತು ನೋಡು, ಎಲ್ರೂ ಒಂದೇ.

ಆಮೇಲೆ ಏನಾಯ್ತು ಗೊತ್ತಾ? ಬುಧವಾರ ಬಂತು, ಊರಿನ ಗಾಡಿ ಎಲ್ಲಾ ಒಂದೇ ಸಲ ಏರಿ ಹತ್ತಿದ್ವು. ಏರಿ ಎಷ್ಟು ಅಗಲ ಇರ್ತದೆ, ಒಂದು ಗಾಡಿ ಹೋಗೋಷ್ಟು. ಮುಂದಿನ ಗಾಡಿ ಮಣ್ಣು ಸುರಿದು ತಿರುಗೋ ತನಕ ಹಿಂದಿನೋರು ಬಿಸಿಲಲ್ಲಿ ನಿಂತಿರೋದು, ಬೈಕೊಳ್ಳೋದು. ಆ ಗಡಿಬಿಡೀಲೇ ಬುಡೇನ್ ಸಾಬ್ರ ಗಾಡಿ ಚಕ್ರ ಮುರೀತು. ಬುಡೇನ್ ಸಾಬ್ರು ಅಂದ್ರೆ ಮಸೀದಿ ಕೇರಿಯೋರು, ನಮ್ ಗದ್ದೆ ಪಕ್ಕದ ಗದ್ದೆ ಅವ್ರದ್ದು, ಒಂದೇ ತೂಬಿನ ನೀರು ಇಬ್ರಿಗೂ. ಹೆಂಗೋ ಬುಧವಾರ, ಗುರುವಾರ ಮಣ್ಣು ಹಾಕಿದ್ವಿ, ಶುಕ್ರವಾರ ನಿಲ್ಸಿದ್ವಿ, ಶನಿವಾರ ಭಾನುವಾರ ಮತ್ತೆ ಹಾಕಿದ್ವಿ. ನಾನೂ ಕೂಸನ್ನ ಅತ್ತೆ ಹತ್ರ ಬಿಟ್ಟು ಪುಟ್ಟಿ ಹೊತ್ತೆ, ನೆತ್ತಿ ಕೂದಲು ಸವೆದು ಹೋಗಿತ್ತು. ಸೋಮವಾರ ನಮ್ ವಾರ, ಮಂಗಳವಾರ ಮಾರಿಗುಡಿಯೋರ ವಾರ, ಎರಡು ದಿನ ಏರಿ ಮೇಲೆ ನರಪಿಳ್ಳೆ ಇಲ್ಲ. ಹಸಿ ಮಣ್ಣು ಅದು, ದಿನಾ ತುಳಿದು ಗಟ್ಟಿ ಮಾಡ್ತಾ ಹೋಗ್ಬೇಕು. ಬುಧವಾರ ಹೋಗಿ ನೋಡಿದ್ರೆ ಹಾಕಿದ್ದೆಲ್ಲಾ ಹಳ್ಳದ ಪಾಲು. ಅವತ್ತು ನಾನು ಏರಿ ಮೇಲೇ ಕೂತು ಅತ್ತೆ. ಹೆಂಗಸರು ಯಾರೂ ಸಮಾಧಾನ ಮಾಡಕ್ಕೂ ಬರ್ಲಿಲ್ಲ, ಎಲ್ರಿಗೂ ಅದೇ ಗತಿ. ಮತ್ತೆ ಅದೇ ಮಣ್ಣು, ಅದೇ ಪುಟ್ಟಿ, ಆ ವಾರನೂ ಹಂಗೇ ಕಳೀತು. ಸಸಿ ತುದಿ ಹಳದಿ ಆಗಕ್ಕೆ ಶುರುವಾಯ್ತು. ನಿಮ್ಮಜ್ಜ ಕಂಬಳಿ ಮಡಚಿ ಇಟ್ಕೊಂಡ್ರು.

ಮತ್ತೆ ಸೋಮವಾರ ಬಂತು. ಬೆಳಿಗ್ಗೆ ನಾನು ಅಂಗಳ ಸಾರಿಸ್ತಾ ಇದ್ದೆ, ಬುಡೇನ್ ಸಾಬ್ರು ತಮ್ ಎತ್ತು ಹಿಡ್ಕೊಂಡು ಬಂದು ನಮ್ ಬಾಗ್ಲಲ್ಲಿ ನಿಂತ್ರು. ನಮ್ ಮಾವ ಆಗಷ್ಟೇ ವಿಭೂತಿ ಹಚ್ಕೊಂಡು ಎತ್ತಿನ ಪೂಜೆ ಮಾಡಿ ಜಗಲಿಗೆ ಬಂದಿದ್ರು. ಬಲೇ ಕಟ್ಟುನಿಟ್ಟು ಮನುಷ್ಯ ಅವ್ರು, ಮನೇಲಿ ಅವ್ರ ಎದುರು ಯಾರೂ ಜೋರಾಗಿ ಕೆಮ್ತಾನೂ ಇರ್ಲಿಲ್ಲ. ಸಾಬ್ರು ಸುತ್ತಿ ಬಳಸಿ ಮಾತಾಡ್ಲಿಲ್ಲ.

"ಗೌಡ್ರೆ, ನಿಮ್ ಎತ್ತಿಗೆ ಇವತ್ತು ವಾರ, ಒಪ್ಪಿದೆ. ಗಾಡಿಗೆ ಯಾವ ವಾರ?"

ಮಾವ ಅವ್ರ ಎತ್ತಿನ ಕಡೆ ನೋಡಿದ್ರು. "ನನ್ ಎತ್ತದಾವೆ, ಗಾಡಿ ಮುರಿದದೆ. ನಿಮ್ ಗಾಡಿ ಐತೆ, ಎತ್ತಿಗೆ ವಾರ. ಕೊಡ್ರೀ" ಅಂದ್ರು ಸಾಬ್ರು. ಮಾವ ಅಂದ್ರು, "ಒಬ್ರಿಗೆ ವಾರ ಇದ್ರೆ ಎಲ್ರೂ ನಿಲ್ಸಬೇಕು ಅಂತ ಮಾತಾಗೈತಲ್ಲೋ ಬುಡೇನ." ಅದಕ್ಕೆ ಅವ್ರು, "ಹೌದು, ಆಗೈತೆ. ಆ ಮಾತನ್ನ ನೀರಿಗೆ ಯಾರು ಹೇಳಿದ್ರು?"

ಮಾವ ಎದ್ದು ಹೋದ್ರು. ನಾನು ಆಯ್ತು, ಮುಗೀತು, ಬಾಗ್ಲು ಹಾಕ್ತಾರೆ ಅನ್ಕೊಂಡೆ, ಕೈಯಲ್ಲಿ ಸಗಣಿ ಹಂಗೇ ಇತ್ತು. ನೋಡಿದ್ರೆ ಮುದುಕ ಕೊಟ್ಟಿಗೆ ಹಿಂದಿಂದ ಗಾಡಿ ಮೂಕಿ ಹಿಡಿದು ತಾವೇ ಎಳ್ಕೊಂಡು ಬರ್ತಾ ಇದಾರೆ, ಎತ್ತಿನ ಥರ. ಅಂಗಳಕ್ಕೆ ತಂದು, ಅಚ್ಚಿಗೆ ಎಣ್ಣೆ ಬಿಟ್ಟು, ನೊಗ ಒರೆಸಿ ಕೊಟ್ರು. ನನ್ ಕಡೆ ತಿರುಗಿ, ಪುಟ್ಟಿ ತಗೊಂಡು ನೀನೂ ನಡಿ, ಎತ್ತಿಗೆ ವಾರ, ನಿನಗಲ್ಲ ಅಂದ್ರು. ನನಗೆ ಅಳು ತಡೀಲಿಲ್ಲ. ಆಮೇಲೆ ಮಂಗಳವಾರ ಮಾರಿಗುಡಿ ಕೇರಿಯೋರ ಗಾಡಿಗೆ ನಮ್ ಎತ್ತು, ಶುಕ್ರವಾರ ಮಸೀದಿ ಕೇರಿ ಗಾಡಿಗೆ ಮಾರಿಗುಡಿ ಕೇರಿಯೋರ ಎತ್ತು, ಹಿಂಗೇ. ಕೆಲಸ ಏಳು ದಿನಕ್ಕೂ ಹಂಚಿಹೋಗಿ ಏರಿ ಮೇಲೆ ಜನ ಕಮ್ಮಿ ಆಯ್ತು, ಗಾಡಿ ಸಲೀಸಾಗಿ ತಿರುಗ್ತು, ಒಂದಿನಾನೂ ಏರಿ ಖಾಲಿ ಇರ್ಲಿಲ್ಲ. ಪಟೇಲ್ರು ಬಂದು ನೋಡಿದ್ರು, ಅವ್ರೂ ಒಂದು ಗುದ್ಲಿ ತಗೊಂಡ್ರು. ಯಾರೂ ಯಾರ ವಾರಾನೂ ಬಿಡ್ಲಿಲ್ಲ ಕಣ್ರೋ, ಯಾರ ದೇವ್ರೂ ಮುನಿಸ್ಕೊಳ್ಳಲಿಲ್ಲ. ಏರಿ ಗಟ್ಟಿಯಾಗಿ ಕೆರೇಲಿ ನೀರು ನಿಲ್ತು. ಸಸಿ ಬಲಿತು ಹೋಗಿತ್ತು, ಅರ್ಧಕ್ಕರ್ಧ ಹಿಡೀಲೇ ಇಲ್ಲ, ಹಿಡಿದದ್ದೂ ಸೊರಗಿತ್ತು. ದೊಡ್ಡ ಬೆಳೆ ಏನಲ್ಲ ಅದು. ಆದ್ರೆ ಮನೆಗೆ ಅಕ್ಕಿ ಬಂತು, ನಿಮ್ಮಜ್ಜ ಕಂಬಳಿ ಬಿಚ್ಚಿ ಹಾಸ್ಕೊಂಡ್ರು, ಘಟ್ಟದ ಮಾತು ಮತ್ತೆ ಎತ್ಲಿಲ್ಲ.

ಮೊನ್ನೆ ಮಳೇಲಿ ಅದೇ ಏರಿ ತೂಬಿನ ಹತ್ರ ಸೋರಕ್ಕೆ ಶುರುವಾಯ್ತು. ಕಂಡ ಕಂಡೋರಿಗೆಲ್ಲಾ ಹೇಳ್ದೆ. ಒಬ್ಬ ಸೊರಬಕ್ಕೆ ಕೆಲಸಕ್ಕೆ ಹೋಗ್ತಾನೆ, ಒಬ್ಬಂದು ಅಂಗಡಿ, ಇನ್ನೊಬ್ಬಂದು ಸ್ಕೂಲು. ಎಲ್ರೂ ಒಂದೇ ಮಾತು, ಭಾನುವಾರ ನೋಡನ ಅಜ್ಜಿ, ಅವತ್ತು ಎಲ್ರಿಗೂ ರಜಾ ಅಂತ. ಭಾನುವಾರ ಬಂತು. ಈ ಮೊಣಕಾಲು ಎಳ್ಕೊಂಡು ಹೋಗಿ ಏರಿ ಮೇಲೆ ಮಧ್ಯಾಹ್ನದ ತನಕ ಕೂತೆ. ಯಾರೂ ಬರ್ಲಿಲ್ಲ, ಎಲ್ರಿಗೂ ರಜಾ ಅಲ್ವಾ. ಸುಸ್ತಾಗ್ತದೆ ಮಕ್ಕಳಾ, ಹೇಳಿ ಹೇಳಿ. ಎಲ್ರೂ ಒಂದೇ ಥರ ಇದ್ರೆ ಊರು ಒಂದಾಗ್ತದೆ ಅಂತ ಹೇಳೋರು ನಿಮ್ ಹತ್ರಾನೂ ಬರ್ತಾರೆ. ಬಂದ್ರೆ ಕೇಳಿ, ಎಲ್ರೂ ಒಂದೇ ದಿನ ಕೂತ್ಕೊಂಡ್ರೆ ಏರಿ ಕಾಯೋರು ಯಾರು ಅಂತ. ಸಾಕು, ಕೈ ಕೊಡು, ಏಳ್ಬೇಕು ನಾನು.