ಯಾರೂ ಕರೆಯದ ಸಾಲು

ವೇದಿಕೆ ಮೇಲಿರೋ ಅಧ್ಯಕ್ಷರಾದ ನಾಗಪತಿಯವರೇ, ಯಲ್ಲಾಪುರದಿಂದ ಬಂದ ಅತಿಥಿಗಳೇ, ಹೆಗ್ಗರಣೆ ಕಡೆಯಿಂದ ಟೆಂಪೋದಲ್ಲಿ ನಿಂತ್ಕಂಡೇ ಬಂದ ಸಭಿಕರೇ, ಮತ್ತೆ ಮುಂದಿನ ಕುರ್ಚಿಯಲ್ಲಿ ಕೂತ ನಮ್ಮವ್ವ ವೆಂಕಮ್ಮನೇ,

ನಾನು ನೇತ್ರಾ. ಈ ಸಂಸ್ಥೆಯಲ್ಲಿ ಕನ್ನಡ ಬರೆಯೋ ಕೆಲಸ ನಂದು. ವಾರ್ಷಿಕೋತ್ಸವದ ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ. 'ಎರಡೇ ಮಾತು ಸಾಕು, ಊಟ ತಣೀತದೆ' ಅಂದಿದ್ದಾರೆ. ತಣೀಲಿ.

ಮೊದಲನೇ ವಂದನೆ ನಮ್ಮ ಇಂಗ್ಲಿಷ್ ಮಾಸ್ತರ್ರಿಗೆ. ಒಂಬತ್ತನೇ ಕ್ಲಾಸಲ್ಲಿ ಪಾಠ ಓದು ಅಂತ ಎಬ್ಬಿಸಿ ನಿಲ್ಲಿಸಿದ್ರು. ನಾ ತಡವರಿಸಿದೆ. 'ಕೂತ್ಕ, ದರಕು ಗುಡಿಸೋಕೆ ಇಷ್ಟು ಸಾಕು' ಅಂದ್ರು. ಇಡೀ ಕ್ಲಾಸು ನಕ್ತು. ನಾ ಕೂರ್ಲಿಲ್ಲ. ಚೀಲ ತಗಂಡು ಮನೆಗೆ ನಡೆದೆ. ಅವ್ವನ ಜೊತೆ ಕಾಡಿಗೆ ಹೋಗಿ, ಕೊಟ್ಟಿಗೆಗೆ ಒಣ ಎಲೆ, ಅದೇ ಆ ದರಕು, ಗುಡಿಸ್ದೆ. ಅದಕ್ಕೇ ಈ ಕೆಲಸ ಸಿಕ್ತು. ನಗಬೇಡಿ. ಮಂಗನ ಕಾಯಿಲೆ ಬರದ ಹಾಗೆ ಕಾಡಿಗೆ ಹೋಗೋರನ್ನ ಎಚ್ಚರಿಸೋ ಆಪ್ ನಮ್ದು. ಅವರ ಮಾತು ಬರೆಯೋಕೆ ಕಾಡಿಗೆ ಹೋದವ್ರೇ ಬೇಕು ಅಂತ ಅಧ್ಯಕ್ಷರೇ ನನ್ನ ಕರೆದ್ರು. ಆ ಉಪಕಾರ ಮರೆತಿಲ್ಲ.

ಆಪ್ ಒಳಗೆ ಎಂತ ಇದೆ ಹೇಳ್ತೆ, ಕೇಳಿ. ಪರದೆ ಮೇಲೆ ಕಾಣೋ ಒಂದೊಂದು ಸಾಲಿಗೂ ಒಳಗೆ ಒಂದು ಇಂಗ್ಲಿಷ್ ಹೆಸರು. ಆಪ್ ಹೆಸರು ಕರೀತದೆ, ಕನ್ನಡದ ಸಾಲು ಬಂದು ನಿಲ್ತದೆ. ಕರೆದಾಗ ಸಾಲೇ ಇಲ್ದಿದ್ರೆ? ಬರೀ ಆ ಇಂಗ್ಲಿಷ್ ಹೆಸರು ಬಂದು ನಿಲ್ತದೆ. ಮದುವೆ ಮನೆಗೆ ಮದುಮಗ ಬರದೆ ಬರೀ ಪೇಟ ಬಂದಂಗೆ.

ಯಲ್ಲಾಪುರಕ್ಕೂ ಆಪ್ ಕೊಡ್ಬೇಕು, ಅದಕ್ಕೆ ಮೊದಲು ಒಳಗಿನ ಕಸ ತೆಗೀಬೇಕು ಅಂತಾಯ್ತು. ಯಾರೂ ಕರೆಯದ ಸಾಲು ಯಾವುದು ಅಂತ ಹುಡುಕೋ ಪ್ರೋಗ್ರಾಂ ಓಡಿಸಿದ್ರು. ಅದು ಸತ್ತ ಮಂಗನ ಸಾಲು ತೋರಿಸ್ತು. 'ಮುಟ್ಟಬೇಡಿ. ಹತ್ರ ಹೋಗಬೇಡಿ. ಅದರ ಮೈಮೇಲಿನ ಉಣುಗು ಹುಳ ನಿಮಗೆ ಹತ್ತಿ ಕಚ್ಚುತ್ತದೆ. ಆಸ್ಪತ್ರೆಗೆ ತಿಳಿಸಿ.' ನಾ ಬರೆದ ಸಾಲು. ಅದರ ಹೆಸರು ಒಳಗೆ ಇಡಿಯಾಗಿ ಎಲ್ಲೂ ಇಲ್ಲ. 'ಸತ್ತ' ಅನ್ನೋದು ಒಂದು ಕಡೆ ಇರ್ತದೆ, ನೀವು ಒತ್ತಿದ ಮೇಲೆ 'ಮಂಗ' ಬಂದು ಅದಕ್ಕೆ ಅಂಟ್ತದೆ. ಆ ಪ್ರೋಗ್ರಾಂ ಇಡೀ ಹೆಸರು ಹುಡುಕ್ತು, ಸಿಗ್ಲಿಲ್ಲ, ಯಾರೂ ಕರೆಯೋದಿಲ್ಲ ಅಂದ್ಬಿಡ್ತು. ನಮ್ಮ ಇಂಜಿನಿಯರ್ ಕಿರಣಣ್ಣ ಅವತ್ತೇ ಹೇಳಿದ್ದ, 'ಸರ್, ಒಂದ್ಸಲ ನಾವೇ ಒತ್ತಿ ನೋಡ್ಬೇಕು' ಅಂತ. 'ಇಷ್ಟು ದಿನ ಯಾರಾದ್ರೂ ಒತ್ತಿದ್ರೇನೋ? ತೆಗಿ' ಅಂದ್ರಲ್ಲ ಅಧ್ಯಕ್ಷರೇ, ನಾ ನಿಮ್ಮನ್ನೇ ಕೇಳ್ತೆ. ಗದ್ದೆ ಕಾಯೋ ಮಾಳದಲ್ಲಿ ಗರ್ನಾಲು ಪಟಾಕಿ ಇಟ್ಕಳ್ತ್ರಿ. ದಿನಾ ಹೊಡಿತ್ರಾ? ಹಂದಿ ಬಂದ ದಿನ ಹೊಡಿತ್ರಿ. ಈ ವರ್ಷ ಹಂದಿ ಬರ್ಲಿಲ್ಲ ಅಂತ ಹೊಳೆಗೆ ಬಿಸಾಕ್ತ್ರಾ?

ಬಿಸಾಕಿದ್ರು. ಆಮೇಲೆ ನಮ್ಮವ್ವನಿಗೆ ಕಾಡಿನ ದಾರಿಯಲ್ಲಿ ಸತ್ತ ಮಂಗ ಕಂಡ್ತು. ನಾ ಕಲಿಸಿದ ಹಂಗೇ ಆಪ್ ತೆಗೆದು ಒತ್ತಿದ್ಲು. ಬಂದಿದ್ದು ಇಂಗ್ಲಿಷ್ ಅಕ್ಷರ. ಅವಳಿಗೆ ಕನ್ನಡ ಬಿಟ್ರೆ ಬೇರೆ ಓದೋಕೆ ಬರೂದಿಲ್ಲ. 'ಮುಟ್ಟಬೇಡಿ' ಅಂತ ಕನ್ನಡದಲ್ಲಿ ಬರ್ಲಿಲ್ಲ, ಹಂಗಾದ್ರೆ ಅಡ್ಡಿಲ್ಲ ಅಂದ್ಕಂಡ್ಲು. ಮಂಗ ಸತ್ರೆ ನಮ್ಮಲ್ಲಿ ಎಂತ ಮಾಡ್ತ್ರಿ? ಹನುಮಪ್ಪ ಅಂತ ಕೈ ಮುಗಿದು, ಹೂ ಹಾಕಿ ಮಣ್ಣು ಮಾಡ್ತ್ರಿ. ಅವ್ವನೂ ಹೆಗಲ ಮೇಲಿನ ವಸ್ತ್ರದಲ್ಲಿ ಸುತ್ತಿ, ಮಗು ಎತ್ತಿದಂಗೆ ಎತ್ತಿ ಮಣ್ಣು ಮಾಡಿದ್ಲು. ನಂಗೆ ಫೋನ್ ಮಾಡ್ಲಿಲ್ಲ. ಕೆಲಸದ ಹೊತ್ತಲ್ಲಿ ಮಾಡಿದ್ರೆ ನಾ ಬೈತೆ ಅಂತ. ಅದು... ಅದು ಬಿಡಿ.

ಜ್ವರ ಬಂತು. ಮಂಗನ ಕಾಯಿಲೆ. ಆಸ್ಪತ್ರೆಯಿಂದ ಬದುಕಿ ಬಂದ್ಲು, ಕೈ ನಡುಗೋದು ಇನ್ನೂ ನಿಂತಿಲ್ಲ. ನೀರಿನ ಲೋಟಕ್ಕೆ ಎರಡು ಕೈ ಬೇಕು.

ಊರಲ್ಲಿ ಹಬ್ಬಿಸಿದ ಮಾತು ಎಂತ? 'ಶಾಲೆ ಬಿಟ್ಟ ಹುಡುಗಿ, ಸಾಲು ಬರೆಯೋಕೇ ಮರೆತಿದ್ಲು.' ಅಧ್ಯಕ್ಷರೇ, ಇವತ್ತು ಬೆಳಿಗ್ಗೆ ನೀವು ನಂಗೆ ಹೇಳಿದ್ದು ಎಂತ? 'ವಂದನಾರ್ಪಣೆಯಲ್ಲೇ ಒಂದು ಕ್ಷಮೆ ಕೇಳಿಬಿಡು ತಂಗಿ, ಮುಗೀತದೆ.' ಕೇಳೋದಿಲ್ಲ. ಕೇಳೋದಿಲ್ಲ ಅಂದ್ರೆ ಕೇಳೋದಿಲ್ಲ. ಸಾಲು ನಾ ಬರೆದಿದ್ದೆ. ಅವ್ವ ಮಲಗಿದ್ದಾಗ ಆಸ್ಪತ್ರೆಯ ಬೆಂಚಲ್ಲಿ ಕೂತು ಮತ್ತೆ ಬರೆದು ಕೊಟ್ಟೆ. 'ವಾರ್ಷಿಕೋತ್ಸವ ಮುಗೀಲಿ, ನೋಡೋಣ' ಅಂದ್ರಿ. ನಾಡಿದ್ದು ಇದೇ ಆಪ್ ಆ ಸಾಲಿಲ್ದೇ ಯಲ್ಲಾಪುರಕ್ಕೆ ಹೋಗ್ತದೆ. ಅತಿಥಿಗಳೇ, ನಿಮ್ಮಲ್ಲಿ ದರಕಿಗೆ ಹೋಗೋ ಅವ್ವಂದಿರು ಇಲ್ವಾ?

ಇನ್ನು ಕೊನೇ ವಂದನೆ. ಸಭಿಕರೇ, ಮೊಬೈಲ್ ತೆಗೀರಿ. ಆಪ್ ತೆಗೀರಿ. 'ಸತ್ತ ಪ್ರಾಣಿ' ಒತ್ತಿ. ಈಗ 'ಮಂಗ' ಒತ್ತಿ. ಸುಬ್ಬಿ ಅತ್ತೆ, ಒತ್ತೇ ಮಾರಾಯ್ತಿ, ಕಚ್ಚೂದಿಲ್ಲ ಅದು. ಇಂಗ್ಲಿಷ್ ಅಕ್ಷರ ಯಾರಿಗೆ ಬಂತೋ, ಅವ್ರು ಮೊಬೈಲ್ ತಲೆ ಮೇಲೆ ಎತ್ತಿ ಹಿಡೀರಿ. ಇನ್ನೂ ಮೇಲೆ. ಅವ್ವಾ, ನೀನೂ ಎತ್ತು. ನಡುಗಿದ್ರೆ ನಡುಗ್ಲಿ.

ಅಧ್ಯಕ್ಷರೇ, ಯಾರೂ ಕರೆಯದ ಸಾಲು ಅಂದ್ರಲ್ಲ. ಕಣ್ಣೆತ್ತಿ ನೋಡಿ. ಇಷ್ಟು ಜನ ಕರೀತಾ ಇದ್ದಾರೆ.

ಕಿರಣಣ್ಣ ಲ್ಯಾಪ್‌ಟಾಪ್ ಹಿಡ್ಕಂಡು ವೇದಿಕೆ ಪಕ್ಕದಲ್ಲೇ ನಿಂತಿದ್ದಾನೆ. 'ಸಾಲು ಹಾಕು' ಅಂತ ನೀವೊಂದು ಮಾತು ಹೇಳೋ ತನಕ ಇವರು ಕೈ ಇಳಿಸೋದಿಲ್ಲ, ನಾ ಮೈಕು ಬಿಡೋದಿಲ್ಲ.

ಕೈ ಎತ್ತಿದ ಎಲ್ಲರಿಗೂ ವಂದನೆ. ಊಟ ಆಮೇಲೆ. ನಮಸ್ಕಾರ.