ಬಸಿ ಕೊಳವೆಯ ಬಳಿ ಕೂತವಳು

2019ರ ಜುಲೈ 9, ಮಂಗಳವಾರ, ಸಂಜೆ 6 ಗಂಟೆ 10 ನಿಮಿಷಕ್ಕೆ ಕರೆಂಟು ಹೋಯಿತು. ಪಂಪ್‌ಹೌಸಿನ ಮೋಟಾರು ಗುರುಗುಟ್ಟುವುದು ನಿಂತ ಮೇಲೆ, ತಗಡಿನ ಮಾಡಿನ ಮೇಲೆ ಸುರಿಯುತ್ತಿದ್ದ ಮಳೆ ಒಮ್ಮೆಲೇ ಹೆಚ್ಚಾದಂತೆ ಕೇಳಿಸಿತು. ಒಳಗಿದ್ದವರು ನಾಲ್ವರು: ನೀರು ಸಮಿತಿಯ ಅಧ್ಯಕ್ಷರು, ಗಾರೆ ಮೇಸ್ತ್ರಿ, ಫ್ಲಾಸ್ಕಿನಲ್ಲಿ ಚಹಾ ತಂದು ಮಳೆಗೆ ಸಿಕ್ಕಿಹಾಕಿಕೊಂಡ ಅಧ್ಯಕ್ಷರ ಮುದಿ ಸೋದರತ್ತೆ, ಮತ್ತು ಆ ಬೇಸಿಗೆಯ ಮೊದಲಲ್ಲಿ ಕೆಲಸಕ್ಕೆ ಬಂದಿದ್ದ ಕಿರಿಯ ಇಂಜಿನಿಯರ್. ಇಂಜಿನಿಯರ್ ಬಾಗಿಲ ಬಳಿ ನಿಂತು, ಒಂದು ಬೂಟಿಗೆ ಮೆತ್ತಿದ್ದ ಸಿಮೆಂಟನ್ನು ಇನ್ನೊಂದು ಬೂಟಿನಿಂದ ಉಜ್ಜುತ್ತಿದ್ದಳು. ಅದು ಹೋಗುತ್ತಿರಲಿಲ್ಲ.

ಆ ಸಿಮೆಂಟು ಮಧ್ಯಾಹ್ನದ್ದು. ಊರಿಗೆ ಕುಡಿಯುವ ನೀರು ಕೊಡುವ ಕೆರೆಯ ಮಣ್ಣಿನ ಏರಿಗೆ, ಹೊರಬದಿಯ ಬುಡದಲ್ಲಿ, ಒಂದು ಬಸಿ ಕೊಳವೆ ಇತ್ತು. ಏರಿಯೊಳಗೆ ಜಿನುಗಿದ ನೀರು ಅದರಿಂದ ಹೊರಬಂದು, ಎರಡು ಮಾರು ದೂರದ ಅಳತೆ ತೊಟ್ಟಿಗೆ ಹರಿದು ಹೋಗುತ್ತಿತ್ತು. ಇಂಜಿನಿಯರ್ ವಾರಕ್ಕೊಮ್ಮೆ ಎರಡೂ ಕಡೆ ಅಳೆಯುತ್ತಿದ್ದಳು. ಕೊಳವೆಯ ಬಾಯಲ್ಲಿ ಎಷ್ಟೋ ತೊಟ್ಟಿಯ ಬಾಯಲ್ಲೂ ಅಷ್ಟೇ ಬರುತ್ತಿತ್ತು. ಕೆಳಗಿನ ಇಟ್ಟಿಗೆ ಗೂಡಿನ ಹೆಂಗಸರು ಬಿಂದಿಗೆ ಹಿಡಿಯುತ್ತಿದ್ದುದು ಅದೇ ಕೊಳವೆಗೆ. ನಮ್ಮ ನಲ್ಲಿಗೆ ದಿನ ಬಿಟ್ಟು ದಿನ ನೀರು, ಎಲ್ಲಿಂದಲೋ ಬಂದವರಿಗೆ ಹಗಲೂ ರಾತ್ರಿ ಎಂದು ಸಮಿತಿಗೆ ಹೊಟ್ಟೆಯುರಿ. ಕೊಳವೆ ಮುಚ್ಚಿಬಿಡುವುದೆಂದು ತೀರ್ಮಾನವಾಯಿತು.

ಮುಚ್ಚಬಾರದೆಂದು ಆ ಸಭೆಯಲ್ಲಿ ಗೊತ್ತಿದ್ದುದು ಇಂಜಿನಿಯರಿಗೆ ಒಬ್ಬಳಿಗೇ. ಮುಚ್ಚಿದರೆ ಉಳಿಯುವುದು ಕೆರೆಯ ನೀರಲ್ಲ. ಹೊರಗೆ ಹೋಗಬೇಕಾದ ನೀರು ಏರಿಯ ಹೊಟ್ಟೆಯಲ್ಲೇ ನಿಂತು, ಮಣ್ಣನ್ನು ಒಳಗಿನಿಂದ ಮೆತ್ತಗೆ ಮಾಡಿ, ಒಂದು ದಿನ ಏರಿಯನ್ನೇ ಕುಸಿಯುವಂತೆ ಮಾಡುತ್ತದೆ. ಅವಳು ಬಾಯಿ ತೆರೆದಿದ್ದಳು. "ಪುಸ್ತಕದ ಬದನೆಕಾಯಿ ಪುಸ್ತಕದಲ್ಲೇ ಇರಲಿ ಮೇಡಂ" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗುವನ್ನು ನೆನೆದಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತಿತ್ತು.

ಇವತ್ತು ಮೇಸ್ತ್ರಿ ಕೊಳವೆಯ ಬಾಯಿಗೆ ಗೋಣಿಚೀಲ ತುರುಕಿ, ಮೇಲೆ ಸಿಮೆಂಟು ಮೆತ್ತಿ, ಅಧ್ಯಕ್ಷರೊಂದಿಗೆ ಸಾಮಾನು ಹೊತ್ತು ಮೇಲಿನ ಪಂಪ್‌ಹೌಸಿಗೆ ಹೋಗಿದ್ದ. ಅವಳೊಬ್ಬಳೇ ಉಳಿದಿದ್ದಾಗ, ಸೊಂಟದಲ್ಲಿ ಹಿತ್ತಾಳೆ ಬಿಂದಿಗೆ ಇಟ್ಟುಕೊಂಡು ಒಬ್ಬ ಹೆಂಗಸು ಬಂದು ನಿಂತಳು. "ಅಕ್ಕಾ, ನೀರು ಯಾಕೆ ನಿಂತಿತು?" ಏರಿಯ ಬುಡದಲ್ಲಿ ನಿಂತವರಿಗೆ ಹುಲ್ಲು ಬೆಳೆದ ಇಳಿಜಾರು ಮಾತ್ರ ಕಾಣುತ್ತದೆ, ಆಚೆಯ ನೀರು ಕಾಣುವುದಿಲ್ಲ. ಅದರಿಂದ ಸುಳ್ಳು ಸಲೀಸಾಯಿತು. "ಕೆರೆ ಬತ್ತಿದೆಯಮ್ಮ" ಎಂದುಬಿಟ್ಟಳು. ಹೆಂಗಸು ಬಿಂದಿಗೆಯನ್ನು ಕಲ್ಲಿನ ಮೇಲಿಟ್ಟು ಅಲ್ಲೇ ಕೂತಳು. ಇಂಜಿನಿಯರ್ ಹಿಂತಿರುಗಿ ನೋಡದೆ ಏರಿ ಹತ್ತಿದ್ದಳು.

"ಚಹಾ ಆರೋಗುತ್ತೆ, ಕುಡೀರಿ" ಎಂದು ಅತ್ತೆ ಲೋಟ ಚಾಚಿದಳು. "ಏನ್ ಮೇಸ್ತ್ರಿ, ಗಟ್ಟಿ ಮುಚ್ಚಿದ್ದೀಯಾ?"

"ನನ್ನ ಹೆಂಡತಿ ಬಾಯಿ ಬಿಟ್ಟು ಬೇರೆ ಯಾವ ಬಾಯಿ ಆದ್ರೂ ಮುಚ್ತೀನಿ, ಅಜ್ಜಿ."

ಅಧ್ಯಕ್ಷರು ಗಹಗಹಿಸಿದರು. ಅತ್ತೆ ನಗಲಿಲ್ಲ. ಸಿಮೆಂಟು ಚೀಲಗಳ ಮೇಲೆ ಕಾಲು ಮಡಚಿ ಕೂತು, ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು.

"ಹಾಗಾದ್ರೆ ಕೇಳ್ರಪ್ಪ. ಮಳೆ ನಿಲ್ಲೋತನಕ ನಿಮಗೂ ಬೇರೆ ಕೆಲಸ ಇಲ್ಲ. ಈ ಏರಿ ಹೊಸದಾಗಿ ಎದ್ದಿತ್ತು ಆಗ, ನಾನು ಹೊಸ ಸೊಸೆ, ನಮ್ಮೆಜಮಾನರೇ ಸಮಿತಿಗೆ ಮೊದಲನೇ ಅಧ್ಯಕ್ಷರು… ಇವನು ಕೂತ ಕುರ್ಚಿ ಇದೆಯಲ್ಲ, ಅದು ಅವರದ್ದೇ. ಆಗಲೂ ಕೆಳಗೆ ಇಟ್ಟಿಗೆ ಗೂಡಿತ್ತು. ಗೂಡಲ್ಲಿ ಒಬ್ಬಳಿದ್ದಳು, ಎಳೆ ಬಾಣಂತಿ. ದಿನಾ ಸಂಜೆ ಬರೋಳು, ಕೊಳವೆ ಕೆಳಗೆ ಬಿಂದಿಗೆ ಇಡೋಳು, ಅದು ತುಂಬೋ ಹೊತ್ತಿಗೆ ಮಗೂಗೆ ಹಾಲು ಕುಡಿಸಿ ಮುಗಿಸೋಳು. ಯಾರ ಗೊಡವೆಗೂ ಹೋದವಳಲ್ಲ. ಆದರೆ ನಮ್ಮೂರಿನ ಕಣ್ಣು ನೋಡಿ, ಕೆರೆ ತುಂಬಿ ತುಳುಕ್ತಾ ಇದೆ, ಅವಳ ಒಂದು ಬಿಂದಿಗೆ ಕಣ್ಣು ಚುಚ್ಚುತ್ತೆ! ಏನಂತೀರಿ ಇದಕ್ಕೆ? ಬಡತನವಾ? ಬಡತನ ಆಗಿದ್ರೆ ಇಷ್ಟು ನಾಚಿಕೆ ಆಗ್ತಿರಲಿಲ್ಲ…

"ಮುಚ್ಚಿದ್ರು. ಹೀಗೇ, ಗೋಣಿ ತುರುಕಿ, ಗಾರೆ ಮೆತ್ತಿ. ಸಂಜೆ ಬಂದಳು, ಅವತ್ತು ಮಗೂನ ಗಂಡನ ಹತ್ರ ಬಿಟ್ಟು. 'ಅಣ್ಣಾ, ನೀರು ಯಾಕೆ ನಿಂತಿತು?' ಅಂದಳು. ನಮ್ಮೆಜಮಾನರು ಏನಂದ್ರು ಗೊತ್ತಾ? 'ಕೆರೆ ಬತ್ತಿದೆಯಮ್ಮ' ಅಂದ್ರು. ಅವಳು ಏರಿ ಕಡೆ ನೋಡಿದಳು, ಅವರ ಮುಖ ನೋಡಿದಳು. 'ಹಾಗಾದ್ರೆ ಕಾಯ್ತೀನಿ' ಅಂತ ಬಿಂದಿಗೆ ಕಲ್ಲ ಮೇಲಿಟ್ಟು ಕೂತಳು. ಇವರು ನಗಾಡ್ಕೊಂಡು ಮನೆಗೆ ಬಂದ್ರು. ಆಮೇಲೆ ಮಳೆ ಹಿಡೀತು… ಇಂಥದ್ದೇ ಮಳೆ. ಮಳೆ ನಿಂತ ಮೇಲಾದ್ರೂ ಕೊಳವೇಲಿ ನೀರು ಬಂದೀತು ಅಂತ ಕಾದಳೋ, ಎದ್ದು ಹೋಗೋಕೆ ಅಭಿಮಾನ ಅಡ್ಡ ಬಂತೋ, ಯಾರು ಬಲ್ಲರು? ಬೆಳಿಗ್ಗೆ ನೋಡಿದ್ರೆ ಏರಿಯ ಪಕ್ಕೆ ಜಾರಿ, ಮಣ್ಣು ರಾಶಿ ಕೊಳವೆ ಮೇಲೆ, ಕಲ್ಲ ಮೇಲೆ, ಅವಳ ಮೇಲೆ…

"ಅಷ್ಟಕ್ಕೇ ಮುಗಿದಿದ್ರೆ ಹಣೆಬರಹ ಅಂದ್ಕೋಬಹುದಿತ್ತು. ಪೊಲೀಸರು ಬಂದಾಗ ಊರೆಲ್ಲ ಒಂದೇ ಬಾಯಲ್ಲಿ ಏನು ಹೇಳ್ತು? ಅವಳೇ ನೀರಿನ ಆಸೆಗೆ ಏರಿ ಅಗೆದಳು ಅಂತ! ಗಂಡ ಮಗು ಎತ್ಕೊಂಡು ನಮ್ಮ ಬೀದೀಲೇ ಹಾದು ಹೋದ. ಬೈಯಲಿಲ್ಲ, ಅಳಲಿಲ್ಲ. ಒಂದೊಂದೇ ಬಾಗಿಲು ಮುಚ್ಚಿಕೊಳ್ತಾ ಹೋಯ್ತು… ಆ ಮಗು ಮಾತ್ರ ಹಸಿದು ಕಿರುಚ್ತಿತ್ತು.

"ಗಾರೆ ಒಡೆಸಿ ಕೊಳವೆ ಬಿಟ್ಟ ಮೇಲೆ ಏರಿ ಸರಿಹೋಯ್ತು. ಮಧ್ಯೆ ಒಂದು ಸಲ ಬುದ್ಧಿ ಕೆಟ್ಟು ಮತ್ತೆ ಮುಚ್ಚೋಕೆ ಹೋದ್ರು. ಅವತ್ತು ಸಂಜೆ ಬಂದಿದ್ದಳಂತೆ, ಬಿಂದಿಗೆ ಹಿಡ್ಕೊಂಡು, ಅದೇ ಮಾತು ಕೇಳ್ಕೊಂಡು. ಯಾರನ್ನ ಕೇಳ್ತಾಳೆ ಗೊತ್ತಾ? ಗುಂಪಲ್ಲಿ ಯಾರಿಗೆ ಉತ್ತರ ಗೊತ್ತಿದೆಯೋ… ಅವರನ್ನ ಮಾತ್ರ."

ಇಂಜಿನಿಯರ್ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, ಬಾಗಿಲಾಚೆ ಏರಿಯ ಕಡೆ ನೋಡಿದಳು.

"ಅತ್ತೆ ಕತೆ ಹೇಳೋಕೆ ಕೂತ್ರೆ ಕಲ್ಲಿಗೂ ಜ್ವರ ಬರುತ್ತೆ" ಎಂದು ಅಧ್ಯಕ್ಷರು ನಗಲು ನೋಡಿದರು.

"ಸರ್," ಎಂದಳು ಅವಳು. "ಗೂಡಿನ ಹೆಂಗಸೊಬ್ಬಳು ಕೆಳಗೆ ಕೂತಿದ್ದಾಳೆ. ನಾನೇ ಕೂರಿಸಿ ಬಂದೆ."

"ಗೂಡಿನವಳಾ? ಮಳೆ ಶುರುವಾದ ಮೇಲೆ ಯಾರು ಇಟ್ಟಿಗೆ ಸುಡ್ತಾರೆ ಮೇಡಂ? ಎಲ್ಲ ಗಂಟುಮೂಟೆ ಕಟ್ಟಿ ಹೋದ ವಾರವೇ ಹೊರಟರು. ತಕರಾರು ತೆಗೆಯೋರು ಇಲ್ಲ ಅಂತಾನೇ ಇವತ್ತು ಮುಚ್ಚಿಸಿದ್ದು."

ಇಂಜಿನಿಯರಿಗೆ ದೆವ್ವದ ಭಯವಾಗಬೇಕಿತ್ತು. ಆದರೆ ಮುಖಕ್ಕೆ ಏರಿದ್ದು ನಾಚಿಕೆ. ಅಷ್ಟು ಜನರಲ್ಲಿ ತನ್ನನ್ನೇ ಹುಡುಕಿ ಬಂದು ಕೇಳಿದವಳಿಗೆ, ಇನ್ಯಾರದೋ ಹಳೆಯ ಸುಳ್ಳನ್ನು ಅಕ್ಷರವೂ ಬದಲಾಗದಂತೆ ಒಪ್ಪಿಸಿ ಬಂದಿದ್ದಳು.

"ಆ ಸಿಮೆಂಟು ಒಡೀಬೇಕು" ಎಂದಳು. "ಈಗಲೇ. ಏರಿ ನೆನೀತಿದೆ. ಸಭೇಲೇ ಹೇಳಬೇಕಿತ್ತು. ಗೊತ್ತಿದ್ದೂ ಹೇಳಲಿಲ್ಲ."

"ಮೇಡಂ, ಸಮಿತಿ ತೀರ್ಮಾನ…"

"ಪುಸ್ತಕದ ಬದನೆಕಾಯಿ ಅಂತ ಇನ್ನೊಂದು ಸಲ ಬೇಕಾದ್ರೂ ಅನ್ನಿ ಸರ್. ಈ ಸಲ ನಗಲ್ಲ."

ಹಾರೆ ಅವಳೇ ಎತ್ತಿಕೊಂಡಳು. ಮೇಸ್ತ್ರಿ ಅಧ್ಯಕ್ಷರ ಮುಖ ನೋಡಿ, ಅಜ್ಜಿಯ ಮುಖ ನೋಡಿ, ಸುತ್ತಿಗೆ ಹಿಡಿದು ಹಿಂದೆ ಬಂದ. ಅಜ್ಜಿ ಕೊಡೆ ಬಿಚ್ಚಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಸ್ವಲ್ಪ ಹೊತ್ತಾದ ಮೇಲೆ ಅಧ್ಯಕ್ಷರೂ ಬಂದು, ಯಾರೂ ಕೇಳದಿದ್ದರೂ, ಟಾರ್ಚು ಹಿಡಿದು ನಿಂತರು.

ಕಲ್ಲಿನ ಬಳಿ ಯಾರೂ ಇರಲಿಲ್ಲ. ಸುತ್ತಲೂ ಎಲ್ಲ ತೊಯ್ದು ಹೊಳೆಯುತ್ತಿದ್ದಾಗ, ಕಲ್ಲಿನ ಮೇಲೆ ಬಿಂದಿಗೆಯ ತಳದಷ್ಟಗಲ ಜಾಗ ಮಾತ್ರ ಒಣಗಿತ್ತು.

ಸಿಮೆಂಟು ಇನ್ನೂ ಹಸಿ. ಮೂರನೇ ಏಟಿಗೆ ಬಿರಿಯಿತು. ಮೇಸ್ತ್ರಿ ಗೋಣಿಚೀಲ ಎಳೆದದ್ದೇ ತಡ, ನೀರು ಅವನ ಎದೆಗೆ ಹಾರಿತು. ಮೊದಲು ಕೆಂಪಾಗಿ, ಆಮೇಲೆ ತಿಳಿಯಾಗಿ. ಇಂಜಿನಿಯರ್ ಆ ಒಣ ಜಾಗದ ಕಡೆ ತಿರುಗಿದಳು. ಅಧ್ಯಕ್ಷರು ಕೇಳುತ್ತಿದ್ದಾರೆಂದು ಗೊತ್ತಿದ್ದೇ ಗಟ್ಟಿಯಾಗಿ ಹೇಳಿದಳು: "ಕೆರೆ ಬತ್ತಿಲ್ಲ. ತುಂಬಿದೆ. ನಾನು ಸುಳ್ಳು ಹೇಳಿದೆ."

ಅಧ್ಯಕ್ಷರು ಟಾರ್ಚನ್ನು ಕಲ್ಲಿನಿಂದ ಕೊಳವೆಯ ಕಡೆ ತಿರುಗಿಸಿದರು.

ಹರಿವು ಒಂದು ಹದಕ್ಕೆ ಬರುವತನಕ ಕಾದು, ಅಭ್ಯಾಸಬಲದಿಂದ, ಅಳೆದಳು. ಕೊಳವೆಯ ಬಾಯಲ್ಲಿ ನಿಮಿಷಕ್ಕೆ ಹದಿನೆಂಟು ಲೀಟರ್. ಎರಡು ಮಾರು ನಡೆದು ತೊಟ್ಟಿಯ ಮುಂದೆ ಕೂತಳು, ಅಲ್ಲೂ ಅಳೆದಳು. ನಡುವಿನ ಕಾಲುವೆಯನ್ನು ಕೈಯಿಂದ ಸವರಿ ನೋಡಿದಳು; ಎಲ್ಲೂ ಬಿರುಕಿಲ್ಲ, ಎಲ್ಲೂ ಸೋರಿಕೆಯಿಲ್ಲ. ಮತ್ತೆ ಅಳೆದಳು.

"ಕಮ್ಮಿ ಬಂತಾ ತಾಯಿ?" ಕೊಡೆಯ ಕೆಳಗಿನಿಂದ ಅಜ್ಜಿ ಕೇಳಿದಳು. "ಬರುತ್ತೆ… ಅವಳ ಬಿಂದಿಗೆ ತುಂಬೋತನಕ ಕಮ್ಮಿನೇ ಬರುತ್ತೆ. ಅವಳು ಇಷ್ಟು ವರ್ಷ ಕಾದಿದ್ದಾಳಲ್ಲ, ನೀವೂ ಒಂಚೂರು ಕಾಯಿರಿ."

ಅಧ್ಯಕ್ಷರು ಟಾರ್ಚನ್ನು ತೊಟ್ಟಿಯ ಮೇಲೆ ಹಿಡಿದರು. ಇಂಜಿನಿಯರ್ ಮೂರನೆಯ ಸಲ ಬಗ್ಗಿ ನೋಡಿದಳು. ತೊಟ್ಟಿಯ ಬಾಯಲ್ಲಿ ನಿಮಿಷಕ್ಕೆ ಹನ್ನೆರಡು ಲೀಟರ್.